ತೋಟದ ಗುಂಡಿಯಲ್ಲಿ ಸಿಕ್ಕಿದ ತಾಮ್ರದ ಕಾಸು: ಹಳೆ ವಸ್ತುಗಳ ಸಂರಕ್ಷಕಿಯನ್ನು ಕೇಳಿ

ಸಿದ್ದಾಪುರ: ಮೇಡಂ, ಕಾಫಿ ಗಿಡಕ್ಕೆ ಗುಂಡಿ ತೆಗೆಯುವಾಗ ಹನ್ನೊಂದು ತಾಮ್ರದ ಕಾಸು ಸಿಕ್ಕಿದವು. ಒಂದನ್ನು ಉಪ್ಪು, ನಿಂಬೆಹಣ್ಣು ಹಾಕಿ ಉಜ್ಜಿದೆ, ಫಳಫಳ ಅಂತು. ಹದಿನೈದು ದಿನಕ್ಕೆ ಅದೊಂದರ ಮೇಲೆ ತಿಳಿಹಸಿರು ಪುಡಿ ಎದ್ದಿದೆ. ಒರೆಸಿದರೂ ಮತ್ತೆ ಬರುತ್ತೆ. ಕಾಸುಗಳ ಫೋಟೊ ಹಾಕಿದ್ದೇನೆ.

ಸಂರಕ್ಷಕಿ: ನನಗೆ ಭಯ ಆ ಪುಡಿಯದ್ದೇ. ನುಣುಪಾಗಿ, ಗಟ್ಟಿಯಾಗಿ ಕೂತ ಕಡುಹಸಿರು ಕಾಸಿಗೆ ಕವಚ, ಅದನ್ನು ಮುಟ್ಟಬೇಡಿ. ಕಡ್ಡಿ ತಾಗಿದರೆ ಉದುರುವ ತಿಳಿಹಸಿರು ಮಾತ್ರ ರೋಗ. ಕಂಚಿನ ರೋಗ ಅಂತ ಹೆಸರು, ತಾಮ್ರಕ್ಕೂ ಬರುತ್ತೆ. ಒಳಗೆ ಸೇರಿದ ಕ್ಲೋರೈಡಿಗೆ ತೇವ, ಗಾಳಿ ಸಿಕ್ಕಿದರೆ ಆಮ್ಲ ಹುಟ್ಟಿ ತಾಮ್ರ ತಿನ್ನುತ್ತೆ. ಮತ್ತೆ ಪುಡಿ, ಮತ್ತೆ ಆಮ್ಲ. ನೀವು ಹಾಕಿದ ಉಪ್ಪು ಕ್ಲೋರೈಡೇ. ತೋಟಕ್ಕೆ ಹಾಕುವ ಎಂಒಪಿ ಪೊಟ್ಯಾಷ್ ಗೊಬ್ಬರವೂ ಕ್ಲೋರೈಡೇ, ಹಾಗಾಗಿ ಉಳಿದ ಹತ್ತರ ಮೇಲೂ ಕಣ್ಣಿಡಿ. ರೋಗದ ಕಾಸನ್ನು ಬೇರೆ ಮಾಡಿ, ಗಾಳಿಯಾಡದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಜೊತೆ ಇಡಿ. ಬಣ್ಣ ತಿರುಗಿದಾಗ ಜೆಲ್ ಬಿಸಿ ಮಾಡಿ ಒಣಗಿಸಿ. ಡಬ್ಬಿಯೊಳಗೆ ತೇವ ಶೇ. 40ಕ್ಕಿಂತ ಕೆಳಗಿರಲಿ. ಆಟಿ ಮಳೆಗೆ ಬೀರುವಿನಲ್ಲಿಟ್ಟ ಬೆಲ್ಟಿಗೂ ಬೂಷ್ಟು ಹಿಡಿಯುವ ಊರು ನಮ್ಮದು. ಈ ರೋಗ ತಡೆಯೋಕೆ ಬೆಂಜೋಟ್ರಯಜೋಲ್ ಅನ್ನೋ ರಾಸಾಯನಿಕ ಇದೆ, ವಿಷ, ಮನೆಯಲ್ಲಿ ಬೇಡ. ಮಿಕ್ಕವಕ್ಕೆ ಡಿಸ್ಟಿಲ್ಡ್ ವಾಟರ್, ಬಿದಿರು ಕಡ್ಡಿ, ತಾಳ್ಮೆ. ಜಿಲ್ಲಾಧಿಕಾರಿ ಕಚೇರಿಗೆ ತಿಳಿಸಿದಿರಾ? ನಿಧಿ ಕಾಯ್ದೆ ಇದೆ.

ಗೋಣಿಕೊಪ್ಪ: ನಮ್ಮ ಕೊಡಗಿನ ಹುಳಿರಸ ಕಾಚಂಪುಳಿಯಲ್ಲಿ ಒಂದು ರಾತ್ರಿ ನೆನೆಸಿದ್ರೆ ಸಾಕು ಅಂತ ವಾಟ್ಸಾಪಲ್ಲಿ ಬಂದಿದೆ.

ಸಂರಕ್ಷಕಿ: ಕಾಚಂಪುಳಿ ಪಂದಿಕರಿಗೆ.

ಕುಶಾಲನಗರ: ಹುಣಸೆಹಣ್ಣು?

ಸಂರಕ್ಷಕಿ: ಹುಳಿ ಯಾವುದಾದರೂ ಹುಳಿಯೇ. ಮೇಲೆ ಓದಿ.

ಮಡಿಕೇರಿ: ಒಂದಕ್ಕೆ ಎಷ್ಟು ರೇಟ್ ಬರಬಹುದು?

ಸೋಮವಾರಪೇಟೆ: ಫೋಟೊದಲ್ಲಿ ಆನೆ ಇದೆ. ಟಿಪ್ಪು ಪೈಸೆ, ಡೌಟೇ ಇಲ್ಲ.

ವಿರಾಜಪೇಟೆ: ಆನೆ ಕಂಡ ತಕ್ಷಣ ಟಿಪ್ಪುನಾ? ಒಡೆಯರ ಕಾಸಿನಲ್ಲೂ ಆನೆ ಇದೆ.

ಸೋಮವಾರಪೇಟೆ: ಸ್ವಲ್ಪ ಓದ್ಕೊಂಡು ಬನ್ನಿ ಅಣ್ಣ.

ವಿರಾಜಪೇಟೆ: ನಿನ್ ಹತ್ರ ಪಾಠ ಹೇಳಿಸ್ಕೊಳ್ಳೋ ಗತಿ ಬಂದಿಲ್ಲ.

ಮಡಿಕೇರಿ: ರೇಟ್ ಯಾರಾದ್ರೂ ಹೇಳ್ರಪ್ಪ.

ಸಂರಕ್ಷಕಿ: ಟಿಪ್ಪು ಪೈಸೆಯ ಹಿಂಬದಿ ಪಾರ್ಸಿ ಬರಹ, ಟಂಕಸಾಲೆಯ ಹೆಸರು. ಮುಮ್ಮಡಿ ಕೃಷ್ಣರಾಜರ ಆನೆ ಕಾಸಿನಲ್ಲಿ ಕನ್ನಡ ಅಕ್ಷರ. ಹಿಂಬದಿ ನೋಡದೆ ಯಾಕೆ ಕಿತ್ತಾಡ್ತೀರಿ? ಸಿದ್ದಾಪುರದವರೇ, ಹಿಂಬದಿ ಫೋಟೊ ಹಾಕಿ.

ಕುಶಾಲನಗರ: ಮೇಡಂ, ಕೋಲಾ?

ಸಂರಕ್ಷಕಿ: ಬೇಡ.

ಸಿದ್ದಾಪುರ: ಮೇಡಂ, ಬೈಬೇಡಿ. ನೀವು ಬರೆಯೋಕೆ ಮೊದಲೇ ಇನ್ನೆರಡು ಉಜ್ಜಿದ್ದೆ. ಆನೆಯದೂ ಅದರಲ್ಲೇ ಒಂದು. ಹಿಂಬದಿ ಅಕ್ಷರ ಏನೂ ಉಳಿದಿಲ್ಲ.

ಸೋಮವಾರಪೇಟೆ: ಆದ್ರೂ ಟಿಪ್ಪುದೇ.

ಸಂರಕ್ಷಕಿ: ಉಳಿದ ಎಂಟನ್ನಾದರೂ ಬಿಡಿ ಮಾರಾಯ್ರೆ. ಜಿಲ್ಲಾಧಿಕಾರಿ ಕಚೇರಿಗೆ ಹೋದಿರಾ ಅಂತ ಕೇಳಿದ್ದೆ.

ಗೋಣಿಕೊಪ್ಪ: ಕಾಚಂಪುಳಿಗೆ ನೀರು ಬೆರೆಸಿದ್ರೆ?