ಹಿಂದಿನ ಮಾಲೀಕರಿಗೆ ಬಂದ ಏರ್‌ಬ್ಯಾಗ್ ರೀಕಾಲ್ ಪತ್ರ: ಈಗ ನಾನು ಏನು ಮಾಡಬೇಕು?

ನೀಲಿಹಕ್ಕಿ

ನನ್ನದು ಸೆಕೆಂಡ್ ಹ್ಯಾಂಡ್ ಕಾರು. ಅದರ ಹಿಂದಿನ ಮಾಲೀಕರು ನಿನ್ನೆ ವಾಟ್ಸ್‌ಆ್ಯಪ್‌ನಲ್ಲಿ ಒಂದು ಪತ್ರದ ಫೋಟೊ ಕಳುಹಿಸಿದರು. ಕಂಪನಿಯಿಂದ ಅವರ ಹೆಸರಿಗೆ ಬಂದ ರೀಕಾಲ್ ಪತ್ರ, ಅಂದರೆ ದೋಷವಿರುವ ಕಾರನ್ನು ಸರಿಪಡಿಸಲು ವಾಪಸ್ ಕರೆಯುವ ಪತ್ರ. ಚಾಲಕನ ಪಕ್ಕದ ಸೀಟಿನ ಏರ್‌ಬ್ಯಾಗ್ ಇನ್‌ಫ್ಲೇಟರ್‌ನಲ್ಲಿ (ಅನಿಲ ತುಂಬಿ ಚೀಲವನ್ನು ಉಬ್ಬಿಸುವ ಭಾಗ) ದೋಷವಿದೆ, ಬಂದು ಬದಲಾಯಿಸಿಕೊಳ್ಳಿ ಎಂದು ಬರೆದಿದೆ. ಸರ್ವಿಸ್ ಸೆಂಟರಿಗೆ ಫೋನ್ ಮಾಡಿದರೆ, ಬಿಡಿಭಾಗ ಇನ್ನೂ ಬಂದಿಲ್ಲ, ಬಂದಾಗ ತಿಳಿಸುತ್ತೇವೆ ಎಂದು ಹೇಳಿ ಇಟ್ಟುಬಿಟ್ಟರು.

ಕಾರು ಚೆನ್ನಾಗಿಯೇ ಓಡುತ್ತಿದೆ. ಡ್ಯಾಶ್‌ಬೋರ್ಡ್‌ನಲ್ಲಿ ಯಾವ ದೀಪವೂ ಹೊತ್ತಿಲ್ಲ. ಪರಿಚಯದ ಮೆಕ್ಯಾನಿಕ್ ಒಬ್ಬರು, ಏರ್‌ಬ್ಯಾಗ್ ಫ್ಯೂಸ್ ಕಿತ್ತು ಹಾಕಿ, ನೆಮ್ಮದಿಯಾಗಿರಿ ಎನ್ನುತ್ತಿದ್ದಾರೆ. ಅಮ್ಮನಿಗೆ ಮಂಡಿನೋವು, ಯಾವಾಗಲೂ ಮುಂದಿನ ಸೀಟಿನಲ್ಲೇ ಕೂರುತ್ತಾರೆ. ವಾರಂಟಿ ಮುಗಿದಿದೆ, ಪತ್ರವೂ ನನ್ನ ಹೆಸರಿಗಿಲ್ಲ. ನನಗೆ ಉಚಿತವಾಗಿ ಮಾಡಿಕೊಡುತ್ತಾರೆಯೇ? ಅಲ್ಲಿಯವರೆಗೆ ಕಾರು ಓಡಿಸಬಹುದೇ?

ದಾರಿಹೋಕ

ಮೊದಲು ಚಾಸಿಸ್ ಸಂಖ್ಯೆಯನ್ನು ಕಂಪನಿಯ ಜಾಲತಾಣದ ರೀಕಾಲ್ ಪುಟದಲ್ಲಿ ಹಾಕಿ ನೋಡಿ. ವಿಐಎನ್ ಎಂದು ಕರೆಯುವುದು ಅದನ್ನೇ. ಅಕ್ಷರ, ಅಂಕಿ ಸೇರಿ ಒಟ್ಟು 17 ಇರುತ್ತವೆ. ಇಂಗ್ಲಿಷಿನ ಐ, ಓ, ಕ್ಯೂ ಅಕ್ಷರಗಳು ಅದರಲ್ಲಿ ಬರುವುದೇ ಇಲ್ಲ, ಹಾಗಾಗಿ ಓ ಎಂದು ಕಂಡದ್ದೆಲ್ಲ ಸೊನ್ನೆ ಎಂದೇ ತಿಳಿಯಿರಿ. ನೋಂದಣಿ ಪತ್ರದಲ್ಲಿ ಸಿಗುತ್ತದೆ. ಹಲವು ಕಾರುಗಳಲ್ಲಿ ಮುಂದಿನ ಗಾಜಿನ ಕೆಳಮೂಲೆಯಲ್ಲಿಯೂ ಹೊರಗಿನಿಂದಲೇ ಓದಲು ಬರುತ್ತದೆ. ಮಾದರಿ ಮತ್ತು ವರ್ಷ ನೋಡಿ ತೀರ್ಮಾನಿಸಬೇಡಿ. ಒಂದೇ ವರ್ಷದ ಎರಡು ಕಾರುಗಳಲ್ಲಿ ಒಂದು ರೀಕಾಲ್‌ಗೆ ಸೇರಿ ಇನ್ನೊಂದು ಸೇರದೆ ಇರಬಹುದು.

ಸ್ಪ್ಯಾನರ್_ಹದಿನಾಲ್ಕು

ವರ್ಕ್‌ಶಾಪಿನಲ್ಲಿ ಏರ್‌ಬ್ಯಾಗ್ ಕೆಲಸವನ್ನೇ ಬಹುಕಾಲ ಮಾಡಿದವನು ನಾನು. ಇಂಥ ಪತ್ರ ಹಿಡಿದು ಬಂದವರು "ಕಾರು ಚೆನ್ನಾಗಿ ಓಡುತ್ತಿದೆಯಲ್ಲ" ಎಂದಾಗಲೆಲ್ಲ ನನಗೆ ಸಂಕಟವಾಗುತ್ತಿತ್ತು. ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ರೀಕಾಲ್ ಅಂಟಿಕೊಂಡಿರುವುದು ಕಾರಿಗೆ, ಮಾಲೀಕರ ಹೆಸರಿಗಲ್ಲ. ಕಂಪನಿಯ ಬಳಿ ಇರುವುದು ಮೊದಲು ಕೊಂಡವರ ವಿಳಾಸ, ಆದ್ದರಿಂದ ಪತ್ರ ಅಲ್ಲಿಗೆ ಹೋಗಿದೆ. ನಿಮ್ಮ ಹಿಂದಿನ ಮಾಲೀಕರು ಒಳ್ಳೆಯವರು, ಕಳುಹಿಸಿಕೊಟ್ಟರು. ಎಷ್ಟೋ ಕಡೆ ಆ ಪತ್ರ ಹಳೆಯ ಬಾಡಿಗೆ ಮನೆಯ ಬಾಗಿಲಲ್ಲೇ ಬಿದ್ದಿರುತ್ತದೆ. ವಾರಂಟಿಗೂ ಇದಕ್ಕೂ ಸಂಬಂಧವಿಲ್ಲ, ಸುರಕ್ಷತೆಯ ರೀಕಾಲ್‌ನ ಖರ್ಚು ಕಂಪನಿಯದು. ಇವತ್ತೇ ನಿಮ್ಮ ಹೆಸರು, ವಿಳಾಸ, ಫೋನ್ ಸಂಖ್ಯೆಗಳನ್ನು ಕಂಪನಿಯ ಗ್ರಾಹಕ ವಿಭಾಗದಲ್ಲಿ ಬದಲಾಯಿಸಿ.

ಇನ್ನು ಓಡುತ್ತಿದೆಯಲ್ಲ ಎಂಬ ಮಾತು. ಏರ್‌ಬ್ಯಾಗ್ ಇಡೀ ಆಯುಷ್ಯದಲ್ಲಿ ಒಂದೇ ಒಂದು ಸಲ, ಅದೂ ಸೆಕೆಂಡಿನ ಸಣ್ಣ ಭಾಗದಷ್ಟು ಹೊತ್ತು ಕೆಲಸ ಮಾಡುವ ವಸ್ತು. ಅದು ಕೆಟ್ಟಿದೆಯೋ ಇಲ್ಲವೋ ಎಂದು ಓಡಿಸಿ ತಿಳಿಯಲು ಸಾಧ್ಯವೇ ಇಲ್ಲ. ದೀಪ ಹೊತ್ತಿಲ್ಲ ಎಂದರೆ ತಂತಿಯ ಸಂಪರ್ಕ ಸರಿ ಇದೆ ಎಂದಷ್ಟೇ ಅರ್ಥ. ಒಳಗಿನ ರಾಸಾಯನಿಕದ ಸ್ಥಿತಿ ಏನಾಗಿದೆ ಎಂದು ಆ ದೀಪಕ್ಕೆ ಗೊತ್ತಾಗುವುದಿಲ್ಲ.

ಏರ್‌ಬ್ಯಾಗ್ ತಯಾರಿಸುತ್ತಿದ್ದ ಜಪಾನಿನ ಟಕಾಟಾ ಕಂಪನಿಯ ಇನ್‌ಫ್ಲೇಟರ್‌ಗಳಲ್ಲಿ ಆದದ್ದೇ ಅದು. ಅನಿಲ ಉತ್ಪಾದಿಸಲು ಅವರು ಅಮೋನಿಯಂ ನೈಟ್ರೇಟ್ ಬಳಸಿದರು, ತೇವ ಹೀರುವ ಪದಾರ್ಥವನ್ನು ಬಹಳಷ್ಟರಲ್ಲಿ ಸೇರಿಸಿರಲಿಲ್ಲ. ವರ್ಷಗಟ್ಟಲೆ ಬಿಸಿ, ತಂಪು, ತೇವ ಒಂದರ ಮೇಲೊಂದು ಬಿದ್ದು ಆ ರಾಸಾಯನಿಕದ ಬಿಲ್ಲೆಗಳು ಒಳಗೊಳಗೇ ಶಿಥಿಲವಾದವು. ಶಿಥಿಲವಾದದ್ದು ಲೆಕ್ಕಕ್ಕಿಂತ ವೇಗವಾಗಿ ಉರಿಯುತ್ತದೆ, ಉಕ್ಕಿನ ಡಬ್ಬಿ ಒತ್ತಡ ತಾಳದೆ ಸಿಡಿಯುತ್ತದೆ, ಚೂರುಗಳು ಬಟ್ಟೆಯ ಚೀಲವನ್ನು ಸೀಳಿ ಮುಖಕ್ಕೆ, ಕುತ್ತಿಗೆಗೆ ಬಡಿಯುತ್ತವೆ. ಬದುಕಿ ಬರಬಹುದಾಗಿದ್ದ ಸಣ್ಣ ಅಪಘಾತಗಳಲ್ಲಿ ಜನ ಸತ್ತಿದ್ದಾರೆ. ಅಮೆರಿಕವೊಂದರಲ್ಲೇ ಸುಮಾರು 6.7 ಕೋಟಿ ಇನ್‌ಫ್ಲೇಟರ್‌ಗಳು ರೀಕಾಲ್ ಆದವು. ಕಂಪನಿ 2017ರಲ್ಲಿ ದಿವಾಳಿಯಾಯಿತು. 2001ರಿಂದ 2003ರ ನಡುವಿನ ಕೆಲವು ಹೋಂಡಾ ಕಾರುಗಳ ಇನ್‌ಫ್ಲೇಟರ್‌ಗಳು ಅಪಘಾತದಲ್ಲಿ ಸಿಡಿಯುವ ಸಾಧ್ಯತೆ ಶೇ. 50ರವರೆಗೂ ಇದೆ ಎಂದು ಅಲ್ಲಿನ ಸುರಕ್ಷತಾ ಸಂಸ್ಥೆ 2016ರಲ್ಲಿ ಹೇಳಿತ್ತು. ನಿಮ್ಮದು ಅದೇ ದೋಷ ಎಂದು ಹೇಳುತ್ತಿಲ್ಲ, ಅದನ್ನು ಪತ್ರ ನೋಡಿಯೇ ತಿಳಿಯಬೇಕು. ಆದರೆ ಹೀಗೆ ಸಿಡಿದ ಕಾರುಗಳೂ ಹಿಂದಿನ ದಿನದವರೆಗೆ ಚೆನ್ನಾಗಿಯೇ ಓಡುತ್ತಿದ್ದವು.

ಅದಕ್ಕೇ ಪತ್ರವನ್ನು ಪೂರ್ತಿ ಓದಿ. ಯಾವ ಭಾಗ ಎನ್ನುವುದಕ್ಕಿಂತ ದುರಸ್ತಿಯಾಗುವವರೆಗೆ ಏನು ಮಾಡಬೇಕು ಎಂಬ ಸಾಲು ಮುಖ್ಯ. ಓಡಿಸಲೇಬೇಡಿ ಎಂದಿದ್ದರೆ ಸರ್ವಿಸ್ ಸೆಂಟರಿಗೂ ನೀವೇ ಓಡಿಸಿಕೊಂಡು ಹೋಗಬಾರದು, ಅವರೇ ಬಂದು ಎಳೆದುಕೊಂಡು ಹೋಗಲಿ ಎಂದು ಕೇಳಿ. ಕೆಲವು ರೀಕಾಲ್‌ಗಳಲ್ಲಿ ಕಾರನ್ನು ಕಟ್ಟಡದಿಂದ ದೂರ, ಬಯಲಿನಲ್ಲಿ ನಿಲ್ಲಿಸಿ ಎಂದಿರುತ್ತದೆ. 2023ರಲ್ಲಿ ಹ್ಯುಂಡೈ, ಕಿಯಾ ಕಂಪನಿಗಳು ಅಮೆರಿಕದಲ್ಲಿ ಸುಮಾರು 34 ಲಕ್ಷ ವಾಹನಗಳ ಮಾಲೀಕರಿಗೆ ಹೀಗೆ ಹೇಳಿದವು, ಬ್ರೇಕ್ ದ್ರವ ಸೋರಿ ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಸಿಕ್ಕಿಕೊಳ್ಳದಂತೆ ತಡೆಯುವ ವ್ಯವಸ್ಥೆ) ಘಟಕದಲ್ಲಿ ಶಾರ್ಟ್ ಸರ್ಕ್ಯೂಟ್ ಆಗಿ, ಆಫ್ ಮಾಡಿ ನಿಲ್ಲಿಸಿದ ಕಾರಿಗೂ ಬೆಂಕಿ ಹತ್ತುವ ಅಪಾಯವಿತ್ತು.

ನಿಮ್ಮ ತಾಯಿಯವರ ವಿಷಯ. ದೋಷ ಪಕ್ಕದ ಸೀಟಿನ ಏರ್‌ಬ್ಯಾಗ್‌ನದ್ದಾದ್ದರಿಂದ ದುರಸ್ತಿಯಾಗುವವರೆಗೆ ಆ ಸೀಟಿನಲ್ಲಿ ಯಾರೂ ಕೂರಬಾರದು. ಕಷ್ಟ ನನಗೆ ಅರ್ಥವಾಗುತ್ತದೆ. ಹಿಂದೆ ಕೂರಿಸುವಾಗ ಮುಂದಿನ ಸೀಟನ್ನು ಪೂರ್ತಿ ಮುಂದಕ್ಕೆ ಸರಿಸಿ, ಕಾಲಿಗೆ ಜಾಗವಾಗುತ್ತದೆ. ಮೊದಲು ಸೀಟಿನ ಮೇಲೆ ಕುಳಿತು, ಆಮೇಲೆ ಎರಡೂ ಕಾಲುಗಳನ್ನು ಒಳಗೆ ತೆಗೆದುಕೊಳ್ಳಲಿ. ಬೆಲ್ಟ್ ಹಾಕಲು ಮರೆಯಬೇಡಿ.

ಫ್ಯೂಸ್ ಮಾತ್ರ ಮುಟ್ಟಬೇಡಿ, ಇದನ್ನು ಕೈಮುಗಿದು ಹೇಳುತ್ತೇನೆ. ಅದು ಸಾಮಾನ್ಯವಾಗಿ ಒಂದು ಏರ್‌ಬ್ಯಾಗಿನ ಫ್ಯೂಸ್ ಆಗಿರುವುದಿಲ್ಲ. ಕಿತ್ತರೆ ನಿಮ್ಮ ಕಡೆಯ ಏರ್‌ಬ್ಯಾಗ್ ಹೋಗುತ್ತದೆ, ಕಿಟಕಿಯ ಪಕ್ಕ ಪರದೆಯಂತೆ ಬಿಚ್ಚಿಕೊಳ್ಳುವ ಏರ್‌ಬ್ಯಾಗ್‌ಗಳೂ ಹೋಗುತ್ತವೆ, ಡಿಕ್ಕಿಯ ಹೊತ್ತಿಗೆ ಸೀಟ್ ಬೆಲ್ಟನ್ನು ಬಿಗಿಯುವ ಪ್ರಿಟೆನ್ಷನರ್ ಕೂಡ ಸತ್ತುಹೋಗುತ್ತದೆ. ನಿಷ್ಕ್ರಿಯಗೊಳಿಸುವುದೇ ಸರಿ ಎಂದು ಕಂಪನಿಗೆ ಅನ್ನಿಸಿದರೆ ಅವರೇ ತಮ್ಮ ವಿಧಾನದಲ್ಲಿ ಆ ಒಂದು ಏರ್‌ಬ್ಯಾಗನ್ನು ಮಾತ್ರ ನಿಷ್ಕ್ರಿಯಗೊಳಿಸಿ ಬರೆದು ಕೊಡಲಿ.

ದಾರಿಹೋಕ

ವಿಐಎನ್ ಹಾಕಿದಾಗ ಏನೂ ಬಾಕಿ ಇಲ್ಲ ಎಂದು ಬಂದರೆ ನಂಬಬಹುದಲ್ಲವೇ?

ಸ್ಪ್ಯಾನರ್_ಹದಿನಾಲ್ಕು

ಕಾರ್ಖಾನೆಯಿಂದ ಹೊರಬಂದಾಗ ಕಾರಿನಲ್ಲಿ ಏನಿತ್ತು, ರೀಕಾಲ್‌ನಲ್ಲಿ ಏನು ಬದಲಾಯಿತು ಎಂಬುದು ಮಾತ್ರ ಆ ದಾಖಲೆಗೆ ಗೊತ್ತು. ಹಿಂದೆಂದೋ ಅಪಘಾತವಾಗಿ, ಯಾರೋ ಗುಜರಿಯ ಕಾರಿನಿಂದ ಬಿಚ್ಚಿದ ಏರ್‌ಬ್ಯಾಗ್ ತಂದು ಕೂರಿಸಿದ್ದರೆ ಅದು ತಿಳಿಯುವುದಿಲ್ಲ. ಸೆಕೆಂಡ್ ಹ್ಯಾಂಡ್ ಕಾರಿನಲ್ಲಿ ನನ್ನನ್ನು ಹೆಚ್ಚು ಹೆದರಿಸುವುದು ಇದೇ. ಡ್ಯಾಶ್‌ಬೋರ್ಡ್‌ನ ಮೇಲ್ಭಾಗದ ಬಣ್ಣ ಒಂದು ಕಡೆ ಬೇರೆಯಾಗಿ ಕಾಣುತ್ತಿದ್ದರೆ, ಏರ್‌ಬ್ಯಾಗ್ ಮುಚ್ಚಳದ ಅಂಚು ಸಮ ಇಲ್ಲದಿದ್ದರೆ, ಇಗ್ನಿಷನ್ ಹಾಕಿದಾಗ ಏರ್‌ಬ್ಯಾಗ್ ದೀಪ ಹೊತ್ತಿ ಆರುವ ಬದಲು ಹೊತ್ತುವುದೇ ಇಲ್ಲದಿದ್ದರೆ, ಬಿಚ್ಚಿ ನೋಡಿ ಎಂದು ಅಧಿಕೃತ ಕೇಂದ್ರದಲ್ಲೇ ಕೇಳಬೇಕು.

ಇನ್ನೊಂದು, ಒಮ್ಮೆ ನೋಡಿ ಬಿಡಬೇಡಿ. ಟಕಾಟಾ ಪ್ರಕರಣದಲ್ಲಿ ಹೊಸದಾಗಿ ಹಾಕಿದ ಇನ್‌ಫ್ಲೇಟರ್‌ಗಳಲ್ಲಿ ಕೆಲವು ಅದೇ ಜಾತಿಯವಾಗಿದ್ದವು, ಅವನ್ನು ಎರಡನೇ ಸಲ ಬದಲಾಯಿಸಬೇಕಾಯಿತು. ವರ್ಷಕ್ಕೆ ಎರಡು ಸಲ ನೋಡಿದರೆ ಸಾಕು.

ನೀಲಿಹಕ್ಕಿ

ಇಬ್ಬರಿಗೂ ಧನ್ಯವಾದಗಳು. ಪತ್ರದ ಎರಡನೇ ಪುಟ ತರಿಸಿಕೊಂಡೆ. "ದುರಸ್ತಿಯಾಗುವವರೆಗೆ ಮುಂದಿನ ಪ್ರಯಾಣಿಕರ ಸೀಟನ್ನು ಬಳಸಬೇಡಿ" ಎಂದು ಸ್ಪಷ್ಟವಾಗಿ ಇದೆ. ವಿಐಎನ್ ಹಾಕಿದರೂ ಬಾಕಿ ಎಂದೇ ತೋರಿಸುತ್ತಿದೆ. ಸರ್ವಿಸ್ ಸೆಂಟರಿನವರು ಫೋನಿನಲ್ಲಿ ಮತ್ತೆ ಅದೇ ಮಾತು ಹೇಳಿದರೆ?

ಸ್ಪ್ಯಾನರ್_ಹದಿನಾಲ್ಕು

ಫೋನ್ ಬಿಡಿ, ಬರವಣಿಗೆಯಲ್ಲಿ ಕೇಳಿ. ಇಮೇಲ್‌ನಲ್ಲಿ ವಿಐಎನ್, ಪತ್ರದಲ್ಲಿರುವ ರೀಕಾಲ್ ಸಂಖ್ಯೆ, ನೀವು ವಿಚಾರಿಸಿದ ದಿನಾಂಕ ಬರೆದು, ಬಿಡಿಭಾಗ ಯಾವಾಗ ಬರುತ್ತದೆ, ಅಲ್ಲಿಯವರೆಗೆ ಬದಲಿ ಕಾರು ಕೊಡುತ್ತೀರಾ ಎಂದು ಕೇಳಿ. ಪ್ರತಿಯನ್ನು ಕಂಪನಿಯ ಕೇಂದ್ರ ಕಚೇರಿಗೂ ಕಳುಹಿಸಿ. ಬೇರೆ ಅಧಿಕೃತ ಕೇಂದ್ರದಲ್ಲಿ ಬಿಡಿಭಾಗ ಇರಬಹುದು, ಅಲ್ಲಿಯೂ ವಿಚಾರಿಸಿ, ರೀಕಾಲ್ ಕೆಲಸವನ್ನು ಕಾರು ಕೊಂಡ ಕಡೆಯೇ ಮಾಡಿಸಬೇಕೆಂದಿಲ್ಲ. ಕೆಲಸವಾದ ದಿನ ಜಾಬ್ ಕಾರ್ಡ್‌ನಲ್ಲಿ ರೀಕಾಲ್ ಸಂಖ್ಯೆಯೂ ಹೊಸ ಇನ್‌ಫ್ಲೇಟರ್‌ನ ಕ್ರಮಸಂಖ್ಯೆಯೂ ನಮೂದಾಗಿರಲಿ. ಕೆಲವು ದಿನ ಬಿಟ್ಟು ವಿಐಎನ್ ಮತ್ತೆ ಹಾಕಿ ನೋಡಿ, ಇನ್ನೂ ಬಾಕಿ ಎಂದೇ ಬಂದರೆ ಅದೇ ಜಾಬ್ ಕಾರ್ಡ್ ತೋರಿಸಿ ದಾಖಲೆ ಸರಿಪಡಿಸಿಕೊಳ್ಳಿ.