ಪುಸ್ತಕದ ಹೆಸರಲ್ಲೇ ಹಾಡಿದೆ, ಆಲ್ಬಂ ಇದೆ. ಬದಲಿಸಲಾ, ಬೇಡ್ವಾ?

ಪಾವಗಡದಿಂದ
ಎಲ್ಲರಿಗೂ ನಮಸ್ಕಾರ. ನನ್ನ ಮೊದಲ ಕವನ ಸಂಕಲನ ಅಚ್ಚಿಗೆ ಹೋಗಬೇಕು. 500 ಪ್ರತಿ. ಹೆಸರು ‘ಮೊದಲ ಮಳೆ’. ನಮ್ಮ ಕಡೆ ಮಳೆಗೆ ಹೇಗೆ ಕಾಯ್ತೀವಿ ಅಂತ ನಿಮಗೆ ಗೊತ್ತು, ಬೇರೆ ಹೆಸರು ಮನಸ್ಸಿಗೆ ಬರುತ್ತಿಲ್ಲ. ನಿನ್ನೆ ಹುಡುಕಿದರೆ ಅದೇ ಹೆಸರಲ್ಲಿ ಹಾಡು ಸಿಕ್ಕಿತು, ಆಲ್ಬಂ ಸಿಕ್ಕಿತು. ಸೋಮವಾರ ಮುಖಪುಟ ಪ್ರೆಸ್‌ಗೆ ಕೊಡಬೇಕು. ಹೀಗೆ ಆದವರು ಇದ್ದರೆ ದಯವಿಟ್ಟು ಅನುಭವ ಹೇಳಿ.

ಚಿಂತಾಮಣಿಯವನು
ಬದಲಿಸಬೇಡಿ ತಂಗಿ. ನಾನು ಬದಲಿಸಿ ಕೆಟ್ಟೆ. 2019ರಲ್ಲಿ ನನ್ನ ಪ್ರಬಂಧಗಳ ಪುಸ್ತಕ ಬಂತು, 500 ಪ್ರತಿ. ಅಕ್ಷರ, ಪುಟ ಜೋಡಿಸುವ ಡಿಟಿಪಿಗೆ 4,800, ಮುದ್ರಣ ಮತ್ತು ಬೈಂಡಿಂಗ್‌ಗೆ 31,500, ಮುಖಪುಟ ಬರೆದವರಿಗೆ 3,000. ಬಂಡಲ್ ಮನೆಗೆ ಬಂದ ದಿನ ನಮ್ಮ ಭಾವ, “ಇದೇ ಹೆಸರಲ್ಲಿ ಸಿನಿಮಾ ಹಾಡಿದೆ, ಕೇಸ್ ಹಾಕ್ತಾರೆ” ಅಂದರು. ಹೆದರಿಬಿಟ್ಟೆ. ಹೊಸ ಹೆಸರಿನ ಸ್ಟಿಕ್ಕರ್ ಮುಖಕ್ಕೊಂದು, ಬೆನ್ನಿಗೊಂದು, ಒಟ್ಟು 1,000. ಅದಕ್ಕೆ 2,750. ಒಳಗಿನ ಹೆಸರಿನ ಹಾಳೆ ಕಿತ್ತು ಹೊಸದು ಅಂಟಿಸಲು ಬೈಂಡರ್ ಪ್ರತಿಗೆ 6 ರೂಪಾಯಿ ತಗೊಂಡರು, ಅಲ್ಲಿಗೆ 3,000.

ಮೂರು ರಾತ್ರಿ ನಾನೂ ನನ್ನ ಹೆಂಡತಿಯೂ ನಡುಮನೆಯಲ್ಲಿ ಕೂತು ಸ್ಟಿಕ್ಕರ್ ಹಚ್ಚಿದೆವು. ಲ್ಯಾಮಿನೇಶನ್ ಮೇಲೆ ಅದು ನಿಲ್ಲುವುದಿಲ್ಲ, ವಾರಕ್ಕೆಲ್ಲ ಮೂಲೆ ಎದ್ದಿತು. ಟ್ಯೂಬ್‌ಲೈಟ್ ಕೆಳಗೆ ಹಿಡಿದರೆ ಹಳೇ ಹೆಸರಿನ ಒತ್ತಕ್ಷರ ಸ್ಟಿಕ್ಕರ್ ಕೆಳಗೆ ಇಣುಕುತ್ತಿತ್ತು. ಮುನ್ನುಡಿಯಲ್ಲಿ ಹಳೇ ಹೆಸರು ಮೂರು ಕಡೆ ಇದ್ದಿದ್ದು ಆಗ ನೋಡಲೇ ಇಲ್ಲ. ಓದಿದವರೊಬ್ಬರು ಫೋನ್ ಮಾಡಿ, “ಬೇರೆ ಪುಸ್ತಕದ ಮುನ್ನುಡಿ ಇದಕ್ಕೆ ಸೇರಿಕೊಂಡಿದೆ” ಅಂದರು. ಆ ಫೋನ್ ಇಟ್ಟ ಮೇಲೆ ಊಟ ಸೇರಲಿಲ್ಲ.

ಕೋಲಾರದ ಹಾಡುಗಾರ
ನಾನು ಹೇಳುವುದು ಇದಕ್ಕೆ ಉಲ್ಟಾ. ಬದಲಿಸಿ, ಈಗಲೇ ಬದಲಿಸಿ. ನಾನು ಆರು ಭಾವಗೀತೆಗಳ ಆಲ್ಬಂ ಮಾಡಿದೆ. ಸ್ಟುಡಿಯೋ, ತಬಲಾ, ಕೊಳಲು, ಮಿಕ್ಸಿಂಗ್ ಎಲ್ಲ ಸೇರಿ 47,000. ಕೊಳಲಿನವರು ಎರಡನೇ ಸಲ ಬರಬೇಕಾಗಿ 2,500 ಜಾಸ್ತಿ ಆಯ್ತು. ಆಲ್ಬಂಗೆ ಇಟ್ಟ ಹೆಸರಲ್ಲೇ ಒಂದು ಹಿಟ್ ಸಿನಿಮಾ ಹಾಡಿತ್ತು. ಪರವಾಗಿಲ್ಲ ಅಂದುಕೊಂಡೆ. ಎಂಟು ತಿಂಗಳಿಗೆ 211 ಜನ ಕೇಳಿದರು.

ನಮ್ಮಮ್ಮ ಫೋನಿಗೆ ಬಾಯಲ್ಲೇ ಹೆಸರು ಹೇಳಿ ಹುಡುಕಿದರು. ಬಂದಿದ್ದು ಆ ಸಿನಿಮಾ ಹಾಡು. ಕಣ್ಣು ಮುಚ್ಚಿ ಪೂರ್ತಿ ಕೇಳಿ, “ಚೆನ್ನಾಗಿ ಹಾಡಿದ್ದೀಯ ಕಣೋ, ದನಿ ಸ್ವಲ್ಪ ಬದಲಾಗಿದೆ” ಅಂದರು. ಅದು ನನ್ನದಲ್ಲ ಅಂತ ಹೇಳೋಕೆ ಬಾಯಿ ಬರಲಿಲ್ಲ. ಸ್ಟಿಕ್ಕರ್‌ಗೆ 2,750 ಹೋಯ್ತು ಅಂತ ಅಳುವವರು ಇದನ್ನೂ ಯೋಚಿಸಲಿ.

ಚಿಂತಾಮಣಿಯವನು
ಅಳುತ್ತಿಲ್ಲ ಸ್ವಾಮಿ. ಅನುಭವ ಕೇಳಿದರು, ಹೇಳಿದೆ. ನಿಮ್ಮದು ಯಾಕೆ ಓಡಲಿಲ್ಲ ಅನ್ನೋದಕ್ಕೆ ಬೇರೆ ಕಾರಣವೂ ಇರಬಹುದು.

ಮಧುಗಿರಿ ಮೇಷ್ಟ್ರು
ಇಬ್ಬರೂ ಸಮಾಧಾನ. ಬರೀ ಹೆಸರಿನ ಮೇಲೆ ಕಾಪಿರೈಟ್ ಇಲ್ಲ. 2015ರಲ್ಲಿ ಸುಪ್ರೀಂ ಕೋರ್ಟ್ ‘ದೇಸಿ ಬಾಯ್ಸ್’ ಸಿನಿಮಾ ಹೆಸರಿನ ಕೇಸಲ್ಲಿ ಇದನ್ನೇ ಹೇಳಿದೆ. ಚಿಂತಾಮಣಿಯವರ ಭಾವ ಸುಮ್ನೆ ಹೆದರಿಸಿದರು.

ನನ್ನ ಎರಡೂ ಪುಸ್ತಕದ ಹೆಸರು ಮೊದಲೇ ಇದ್ದವು, ನಾನು ಬಿಡಲಿಲ್ಲ. ಅದರ ಬಗ್ಗೆ ನನಗೆ ಹೆಮ್ಮೆ ಇದೆ. ‘ನಿತ್ಯೋತ್ಸವ’ ನೋಡಿ. ಕವಿತೆಗೂ ಅದೇ ಹೆಸರು, 1976ರ ಸಂಕಲನಕ್ಕೂ ಅದೇ, 1978ರ ಕ್ಯಾಸೆಟ್‌ಗೂ ಅದೇ. ಏನು ನಷ್ಟ ಆಯ್ತು? ನಾಡೆಲ್ಲ ಹಾಡಿತು.

ಕೋಲಾರದ ಹಾಡುಗಾರ
ಮೇಷ್ಟ್ರೇ, ಆ ಉದಾಹರಣೆ ಇಲ್ಲಿಗೆ ಹೊಂದುವುದಿಲ್ಲ. ‘ನಿತ್ಯೋತ್ಸವ’ದ ಕವಿತೆ, ಪುಸ್ತಕ, ಕ್ಯಾಸೆಟ್ ಮೂರೂ ನಿಸಾರ್ ಅಹಮದ್ ಅವರ ಬರಹವೇ. ಒಂದು ಇನ್ನೊಂದನ್ನು ಹೊತ್ತು ನಡೆಯಿತು. ‘ಮೈಸೂರ ಮಲ್ಲಿಗೆ’ಯೂ ಹಾಗೇ. 1942ರ ಸಂಕಲನ, ಆಮೇಲೆ ನಾಗಾಭರಣರ ಸಿನಿಮಾ, ಎರಡರಲ್ಲೂ ಕೆ.ಎಸ್.ನ. ಅವರ ಪದ್ಯವೇ. ಆದರೆ ‘ಪರ್ವ’ ತಗೊಳ್ಳಿ. ಭೈರಪ್ಪನವರ ಕಾದಂಬರಿ 1979ರದ್ದು. 2002ರಲ್ಲಿ ವಿಷ್ಣುವರ್ಧನ್ ಅವರ ‘ಪರ್ವ’ ಬಂತು, ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಭೈರಪ್ಪನವರಿಗೆ ಏನೂ ಆಗಲಿಲ್ಲ, ಯಾಕೆಂದರೆ ಅವರು ಭೈರಪ್ಪ. ನಾನೂ ನೀವೂ ಯಾರು?

ತುಮಕೂರು, ಪುಸ್ತಕದಂಗಡಿ
22 ವರ್ಷದಿಂದ ಅಂಗಡಿ ಇಟ್ಟಿದ್ದೀನಿ. ‘ನಾಗರಹಾವು’ ಕೊಡಿ ಅಂದರೆ ತ.ರಾ.ಸು. ಕಾದಂಬರಿ ಕೊಡ್ತೀನಿ, ಗೊಂದಲ ಇಲ್ಲ. 1972ರ ಸಿನಿಮಾ ಅದೂ ಸೇರಿ ಅವರ ಮೂರು ಕಾದಂಬರಿಗಳಿಂದ ಬಂದದ್ದು, 2002 ಮತ್ತು 2016ರಲ್ಲಿ ಅದೇ ಹೆಸರಲ್ಲಿ ಬಂದವು ಬೇರೆ ಕಥೆ. ತೊಂದರೆ ಆಗೋದು ಹೊಸಬರಿಗೇ.

ಒಂದು ಶಾಲೆಯವರು ವಾರ್ಷಿಕೋತ್ಸವದ ಬಹುಮಾನಕ್ಕೆ 60 ಪ್ರತಿ ಬೇಕು ಅಂತ ಫೋನ್‌ನಲ್ಲಿ ಹೆಸರಷ್ಟೇ ಹೇಳಿದರು. ಲೇಖಕರ ಹೆಸರು ನಾನೂ ಕೇಳಲಿಲ್ಲ, ಅದು ನನ್ನ ತಪ್ಪು. ತರಿಸಿದೆ. ಅದು ಅದೇ ಹೆಸರಿನ ಇನ್ನೊಂದು ಪುಸ್ತಕ, ಮಕ್ಕಳಿಗೆ ಕೊಡುವಂಥದ್ದೂ ಅಲ್ಲ. ಹೋಗ್ತಾ 1,140, ಬರ್ತಾ 1,140 ಪಾರ್ಸೆಲ್ ಖರ್ಚು. 14 ಪ್ರತಿಯ ಮೂಲೆ ಮುರಿದು ವಾಪಸ್ ತಗೊಳ್ಳಲಿಲ್ಲ, ಇನ್ನೂ ಅಟ್ಟದ ಮೇಲಿವೆ. ಪಾಪ, ಬೇಕಾಗಿದ್ದ ಲೇಖಕರು ನಮ್ಮ ಕುಣಿಗಲ್ ಕಡೆಯವರು. ಅವರಿಗೆ 60 ಪ್ರತಿ ಅಂದರೆ ಸಣ್ಣದಲ್ಲ.

ಗೌರಿಬಿದನೂರು
ಹೆಸರಿನ ವಿಷಯ ಇರಲಿ. ನಿಸಾರ್ ಅಹಮದ್ ನಮ್ಮ ಚಿಕ್ಕಬಳ್ಳಾಪುರದವರು ಅಂತ ಯಾರೂ ಹೇಳಲಿಲ್ಲವಲ್ಲ, ಬೇಜಾರಾಯ್ತು.

ಮಧುಗಿರಿ ಮೇಷ್ಟ್ರು
ಅವರು ಹುಟ್ಟಿದ್ದು ದೇವನಹಳ್ಳಿಯಲ್ಲಿ. ಅದು ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರುವುದಿಲ್ಲ.

ಗೌರಿಬಿದನೂರು
ದೇವನಹಳ್ಳಿ ದಾಟಿದರೆ ನಂದಿ ಬೆಟ್ಟ ಕಾಣುತ್ತೆ ಸಾರ್. ನಮ್ಮವರೇ.

ಕೋಲಾರದ ಹಾಡುಗಾರ
ನಿಮ್ಮ ಜಿಲ್ಲೆಯೇ 2007ರವರೆಗೆ ಕೋಲಾರದ್ದು. ಹಾಗೆ ಹಿಡಿದರೆ ಅವರು ನಮ್ಮವರು! ಮುಳಬಾಗಿಲಿನ ಡಿವಿಜಿ ಇದ್ದಾರೆ ನಮಗೆ, ಅಷ್ಟು ಸಾಕು.

ಮಧುಗಿರಿ ಮೇಷ್ಟ್ರು
ಕವಿಗಳನ್ನು ಹೊಲದ ಬದು ಹಾಕಿದ ಹಾಗೆ ಹಂಚಬೇಡಿ. ಮತ್ತೆ, “ನಾನೂ ನೀವೂ ಯಾರು” ಅಂದಿರಲ್ಲ, ಆ ಮಾತು ನನಗೆ ನೋವಾಗಿದೆ. 34 ವರ್ಷ ಪಾಠ ಹೇಳಿದ್ದೇನೆ. ನನ್ನ ಪುಸ್ತಕ ಓದಿದ ಮಕ್ಕಳು ಬಸ್‌ಸ್ಟ್ಯಾಂಡಲ್ಲಿ ಸಿಕ್ಕಿ ಅದರ ಹೆಸರನ್ನೇ ಹೇಳ್ತಾರೆ.

ಕೋಲಾರದ ಹಾಡುಗಾರ
ನೋವಾಗಿದ್ದರೆ ಕ್ಷಮಿಸಿ ಮೇಷ್ಟ್ರೇ. ನಾನು ನನ್ನ ಸಂಕಟದಲ್ಲಿ ಹೇಳಿದೆ. ಆದರೆ ಮಾತು ವಾಪಸ್ ತಗೊಳ್ಳಲ್ಲ.

ಪಾವಗಡದಿಂದ
ಎಲ್ಲರೂ ಇಷ್ಟು ಬರೆದಿದ್ದಕ್ಕೆ ಥ್ಯಾಂಕ್ಸ್. ಒಂದೇ ಕೇಳ್ತೀನಿ. ‘ಮೊದಲ ಮಳೆ’ ಕೆಳಗೆ ಸಣ್ಣ ಅಕ್ಷರದಲ್ಲಿ ‘ಪಾವಗಡದ ಕವಿತೆಗಳು’ ಅಂತ ಸೇರಿಸಿದರೆ ಹುಡುಕುವವರಿಗೆ ಸಿಗುತ್ತಾ?

ತುಮಕೂರು, ಪುಸ್ತಕದಂಗಡಿ
ಸಿಗುತ್ತೆ ತಾಯಿ. ಆದರೆ ಸಣ್ಣಕ್ಷರ ಬೇಡ, ದೂರದಿಂದ ಕಾಣುವ ಹಾಗಿರಲಿ. ಪುಸ್ತಕದ ಬೆನ್ನಿನ ಮೇಲೂ ನಿಮ್ಮ ಹೆಸರು ಹಾಕಿಸಿ. ಕಪಾಟಿನಲ್ಲಿ ನಮಗೆ ಕಾಣೋದು ಬೆನ್ನು ಮಾತ್ರ.

ಚಿಂತಾಮಣಿಯವನು
ಪ್ರೆಸ್‌ಗೆ ಕೊಡುವ ಮೊದಲು ಮುನ್ನುಡಿ ಇನ್ನೊಮ್ಮೆ ಓದಿ ತಂಗಿ, ಬೆನ್ನುಡಿಯನ್ನೂ. ನನ್ನ ಹತ್ರ ಇನ್ನೂ 180 ಪ್ರತಿ ಇವೆ. ಮೇಷ್ಟ್ರು ಕೋರ್ಟಿನ ವಿಷಯ ಹೇಳಿದ ಮೇಲೆ ಒಂದರ ಸ್ಟಿಕ್ಕರ್ ಕಿತ್ತು ನೋಡಿದೆ. ಸೀಮೆಎಣ್ಣೆ ಸವರಿದರೆ ಅಂಟು ಹೋಗುತ್ತೆ, ಕೆಳಗಿನ ಹೆಸರು ಹಾಗೇ ಇದೆ. ಈ ಭಾನುವಾರ ಉಳಿದಿದ್ದನ್ನು ಕೀಳೋಕೆ ಕೂರ್ತೀವಿ.