96 ಪುಟ, 50 ಪ್ರತಿ, ಕೈಹೊಲಿಗೆ: ಪುಸ್ತಕ ಬಾಯಿ ಬಿಡುವುದೇಕೆ, ರಟ್ಟು ಬಾಗುವುದೇಕೆ?

ಕಥೆಗಾರ್ತಿ:
ನನ್ನ ಸಣ್ಣಕಥೆಗಳ ಸಂಕಲನವನ್ನು ನಾನೇ ಅಚ್ಚು ಹಾಕಿ, ಹೊಲಿದು, ಗಟ್ಟಿರಟ್ಟಿನ ಪುಸ್ತಕವಾಗಿ 50 ಪ್ರತಿ ಮಾಡಬೇಕೆಂದಿದ್ದೇನೆ. ಎ5 ಅಳತೆ, 96 ಪುಟ, 80 ಜಿಎಸ್‌ಎಂ ಎ4 ಹಾಳೆ, ಲೇಸರ್ ಪ್ರಿಂಟರ್. ನಾಲ್ಕು ಹಾಳೆ ಸೇರಿಸಿ ಮಡಿಸಿದರೆ 16 ಪುಟದ ಒಂದು ಫಾರಂ, ಅಂಥವು ಆರು. ಮಾದರಿ ಪ್ರತಿ ಮುಚ್ಚಿಟ್ಟರೂ ಬಾಯಿ ಬಿಡುತ್ತಿದೆ. ಬೆನ್ನಿನ ಹತ್ತಿರ ಪುಟಗಳು ಅಲೆಯಲೆಯಾಗಿವೆ, ರಟ್ಟು ಹೊರಕ್ಕೆ ಬಾಗಿದೆ. ಬೆನ್ನಿನ ಕಡೆ ದಪ್ಪ, ಎದುರಂಚಿನ ಕಡೆ ತೆಳು. ಏನೇನು ಬದಲಿಸಬೇಕು? ಹಾಳೆ ಎಷ್ಟು ಬೇಕಾದೀತು?

ದಾರಸೂಜಿ:
ಬಾಯಿ ಬಿಡುವುದಕ್ಕೂ ಅಲೆಗೂ ಮೂಲ ಒಂದೇ, ಹಾಳೆಯ ನಾರಿನ ದಿಕ್ಕು. ಯಂತ್ರದಲ್ಲಿ ಕಾಗದ ಓಡುವ ದಿಕ್ಕಿಗೇ ಹೆಚ್ಚಿನ ನಾರುಗಳು ಮಲಗುತ್ತವೆ. ತೇವ ತಾಗಿದರೆ ನಾರು ಉದ್ದಕ್ಕಿಂತ ಅಡ್ಡಕ್ಕೆ ಹೆಚ್ಚು ಉಬ್ಬುತ್ತದೆ. ಸಾಮಾನ್ಯ ಎ4 ಕಟ್ಟುಗಳಲ್ಲಿ ನಾರು ಹೆಚ್ಚಾಗಿ 297 ಮಿ.ಮೀ. ಬದಿಯ ಉದ್ದಕ್ಕಿರುತ್ತದೆ. ಅದನ್ನು ಎ5ಗೆ ಮಡಿಸಿದರೆ ನಾರು ಅಡ್ಡಕ್ಕೆ ಮುರಿದು ಮಡಿಕೆ ಸರಿಯಾಗಿ ಕೂರುವುದಿಲ್ಲ, ಪುಟ ಸೆಟೆದು ನಿಲ್ಲುತ್ತದೆ. ಬೆನ್ನಿಗೆ ಅಂಟು ಹಚ್ಚಿದಾಗ ಪುಟ ಬೆನ್ನಿನ ಉದ್ದಕ್ಕೆ ಹಿಗ್ಗಲು ನೋಡುತ್ತದೆ, ಹೊಲಿಗೆ ಬಿಡುವುದಿಲ್ಲ. ಅಲೆ ಏಳುವುದು ಅಲ್ಲೇ.

ಪರೀಕ್ಷೆ ಸುಲಭ. ಹಾಳೆಯನ್ನು ಮಡಿಸದೆ ಬರೀ ಬಗ್ಗಿಸಿ, ಅಂಗೈಯಿಂದ ಮೆಲ್ಲಗೆ ಒತ್ತಿ ನೋಡಿ, ಒಮ್ಮೆ ಉದ್ದಕ್ಕೆ, ಒಮ್ಮೆ ಅಡ್ಡಕ್ಕೆ. ಕಡಿಮೆ ಎದುರೊತ್ತುವ ಬಾಗಿನ ಗೆರೆಯೇ ನಾರಿನ ದಿಕ್ಕು. ಅನುಮಾನ ಉಳಿದರೆ ಸಣ್ಣ ಚೌಕ ಕತ್ತರಿಸಿ ಒಂದೇ ಮೈಯನ್ನು ಒದ್ದೆ ಮಾಡಿ. ಅದು ಕೊಳವೆಯಾಗಿ ಸುತ್ತಿಕೊಳ್ಳುತ್ತದೆ, ಕೊಳವೆಯ ಉದ್ದವೇ ನಾರಿನ ಉದ್ದ.

ಪರಿಹಾರ: 420 ಮಿ.ಮೀ. ಉದ್ದಕ್ಕೆ ನಾರಿರುವ ಎ3 ಹಾಳೆ ತಂದು ಅರ್ಧಕ್ಕೆ ಕತ್ತರಿಸಿ. ಸಿಗುವ ಎ4ನಲ್ಲಿ ನಾರು 210ರ ಬದಿಗೆ, ಅಂದರೆ ನಿಮ್ಮ ಮಡಿಕೆಯ ಉದ್ದಕ್ಕೇ ಇರುತ್ತದೆ. ರಟ್ಟು, ಅದಕ್ಕೆ ಹೊದಿಸುವ ಬಟ್ಟೆ, ಎಂಡ್ ಪೇಪರ್ (ಪುಟಗಳ ಕಟ್ಟನ್ನು ರಟ್ಟಿನ ಒಳಮೈಗೆ ಸೇರಿಸುವ ಮಡಿಸಿದ ಹಾಳೆ) ಎಲ್ಲದರ ನಾರೂ ಬೆನ್ನಿಗೆ ಸಮಾನಾಂತರವಾಗಿರಲಿ. ಇದರಲ್ಲಿ ರಾಜಿ ಬೇಡವೇ ಬೇಡ.

ಪ್ರತಿಗೆ 24 ಹಾಳೆಯಂತೆ 50ಕ್ಕೆ 1200. ಹಾಳಾಗುವುದಕ್ಕೆಂದು 55 ಪ್ರತಿಯ ಲೆಕ್ಕ ಹಿಡಿದರೆ 1320 ಎ4, ಅಂದರೆ 660 ಎ3. ಎಂಡ್ ಪೇಪರ್ ಪ್ರತಿಗೆ ಎರಡು, ಒಟ್ಟು 110.

ರಟ್ಟುಗೋಲು:
ಬೆನ್ನು ದಪ್ಪವಾಗುವುದು ದಾರದಿಂದ. 80 ಜಿಎಸ್‌ಎಂ ಹಾಳೆ ಸುಮಾರು 0.1 ಮಿ.ಮೀ., 48 ಎಲೆಗೆ 5 ಮಿ.ಮೀ. ಹತ್ತಿರ. 0.6ರ ದಾರ ಆರು ಮಡಿಕೆಗಳಲ್ಲಿ ಕೂತರೆ ಬೆನ್ನಿಗೆ ಮಾತ್ರ 3.6 ಮಿ.ಮೀ. ಸೇರಿತು. ನಾನಾದರೆ ಆರು ಹಾಳೆಯ 24 ಪುಟದ ಫಾರಂ ಮಾಡಿ, ನಾಲ್ಕಕ್ಕೆ ಮುಗಿಸುತ್ತೇನೆ. 0.4ರ ಲಿನನ್ ದಾರಕ್ಕೆ ಜೇನುಮೇಣ ಸವರಿ ಹೊಲಿದರೆ ಉಬ್ಬು 1.6ಕ್ಕೆ ಇಳಿಯುತ್ತದೆ. ಮಡಿಸಿದ ಫಾರಂಗಳು ಒಂದು ರಾತ್ರಿ ಭಾರದ ಕೆಳಗಿರಲಿ.

ತೂತು ಆರು. ತಲೆಯಿಂದ 15, 60, 75, 135, 150, 195 ಮಿ.ಮೀ. ತುದಿಯ ಎರಡು ಗಂಟಿಗೆ, ನಡುವಿನ ಎರಡು ಜೋಡಿ ಪಕ್ಕದ ಫಾರಂನ ಹೊಲಿಗೆಗೆ ಕೊಂಡಿ ಹಾಕಲು. ರಟ್ಟಿನ ಪಟ್ಟಿಯ ಮೇಲೆ ಒಮ್ಮೆ ಗುರುತು ಮಾಡಿಟ್ಟು ಎಲ್ಲ ಫಾರಂಗೂ ಅದನ್ನೇ ಬಳಸಿ. ದಾರ ಪ್ರತಿಗೆ 1.2 ಮೀಟರ್ ಸಾಕು. ದಾರವನ್ನು ಬೆನ್ನಿನ ಉದ್ದಕ್ಕೇ ಎಳೆಯಿರಿ. ನಿಮ್ಮ ಕಡೆಗೆ ಎಳೆದರೆ ತೂತು ಸೀಳಿ ಮಡಿಕೆ ಹರಿಯುತ್ತದೆ. ತುದಿಯ ಗಂಟು ಅತಿ ಬಿಗಿಯಾದರೆ ತಲೆ-ಬುಡ ಕುಗ್ಗಿ ನಡುಬೆನ್ನು ಉಬ್ಬುತ್ತದೆ.

ರಟ್ಟು ಹೊರಕ್ಕೆ ಬಾಗುವುದು ಹೊರಗಿನ ಬಟ್ಟೆ ಒಣಗುತ್ತಾ ಎಳೆಯುವುದರಿಂದ. ಒಳಗಿನಿಂದ ಅಷ್ಟೇ ಎಳೆಯಬೇಕಾದ್ದು ಎಂಡ್ ಪೇಪರ್. ಅದು ತೆಳುವಾದರೆ ಅಥವಾ ಅಂಟು ಅರ್ಧ ಒಣಗಿದ ಮೇಲೆ ಕೂರಿಸಿದರೆ ಎಳೆತ ಸಾಲದು. 120 ಜಿಎಸ್‌ಎಂ ಹಾಕಿ. ಬರೀ ಪಿವಿಎ (ಬಿಳಿ ಅಂಟು) ಬೇಗ ಹಿಡಿದುಬಿಡುತ್ತದೆ, ಆರು ಪಾಲು ಪಿವಿಎಗೆ ನಾಲ್ಕು ಪಾಲು ಗೋಧಿಹಿಟ್ಟಿನ ಸರಿ ಬೆರೆಸಿದರೆ ಸರಿಪಡಿಸಿಕೊಳ್ಳಲು ಸಮಯ ಸಿಗುತ್ತದೆ. ಅಂಟಿಸಿದ ಕೂಡಲೇ ಎಂಡ್ ಪೇಪರಿನ ಎರಡು ಎಲೆಗಳ ನಡುವೆ ಪ್ಲಾಸ್ಟಿಕ್ ಹಾಳೆ ಇಡಿ, ಇಲ್ಲದಿದ್ದರೆ ತೇವ ಒಳಪುಟಗಳಿಗೆ ಇಳಿಯುತ್ತದೆ. ಕನಿಷ್ಠ 24 ಗಂಟೆ ಭಾರದಡಿ ಇರಲಿ, ನಡುವೆ ತೆರೆದು ನೋಡುವ ಆಸೆ ಬೇಡ.

ಪುಟಜೋಡಣೆ:
ಅಚ್ಚಿನ ಬಗ್ಗೆ. ಪ್ರಿಂಟರಿನ ಬುಕ್‌ಲೆಟ್ ಆಯ್ಕೆಯನ್ನು ಹಾಗೇ ಒತ್ತಿದರೆ 96 ಪುಟವನ್ನೂ ಒಂದೇ ಫಾರಂ ಎಂದು ಜೋಡಿಸುತ್ತದೆ. 24ರಂತೆ ಒಡೆದು ಕಳಿಸಿ. ಮೊದಲ ಹಾಳೆಯ ಒಂದು ಮೈಗೆ 24 ಮತ್ತು 1, ಹಿಂದೆ 2 ಮತ್ತು 23. ನಡುಹಾಳೆಯ ಒಳಮೈಗೆ 12 ಮತ್ತು 13 ಬಂದರೆ ಸರಿ. ಎರಡೂ ಬದಿಯ ಮುದ್ರಣಕ್ಕೆ ಚಿಕ್ಕ ಅಂಚಿನ ಮೇಲೆ ತಿರುಗಿಸುವ ಆಯ್ಕೆ, ಇಲ್ಲದಿದ್ದರೆ ಹಿಂಬದಿ ತಲೆಕೆಳಗಾಗುತ್ತದೆ.

ನಾರು 210ರ ಬದಿಗಿರುವ ಎ4 ಲೇಸರಿನ ಬಿಸಿಗೆ ಹೆಚ್ಚು ಸುರುಳುತ್ತದೆ, ಸಿಕ್ಕಿಕೊಳ್ಳುವುದೂ ಹೆಚ್ಚು. ಟ್ರೇಗೆ ಒಮ್ಮೆಗೆ ಸ್ವಲ್ಪವೇ ಹಾಳೆ ಹಾಕಿ. ಅಚ್ಚಾದ ಮೇಲೆ ಅರ್ಧ ದಿನ ಬಿಡಿಯಾಗಿಟ್ಟು ಆಮೇಲೆ ಮಡಿಸಿ.

ಕನ್ನಡಕ್ಕೆ ಸಾಲಿನ ಅಂತರ ಧಾರಾಳವಾಗಿರಲಿ. 12 ಪಾಯಿಂಟ್ ಅಕ್ಷರಕ್ಕೆ 18, ಇಲ್ಲವಾದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಸಾಲಿನ ಗುಡಿಸಿಗೆ ತಾಗುತ್ತದೆ. ಇನ್‌ಡಿಸೈನ್ ಎಂಬ ಪುಟವಿನ್ಯಾಸ ತಂತ್ರಾಂಶ ಬಳಸುವುದಾದರೆ ಅದರ ವರ್ಲ್ಡ್-ರೆಡಿ ಕಂಪೋಸರ್ ಆಯ್ದುಕೊಳ್ಳಿ, ಇಲ್ಲದಿದ್ದರೆ ಯೂನಿಕೋಡ್ ಒತ್ತುಗಳು ಒಡೆಯುತ್ತವೆ. ಬೆನ್ನಿನ ಕಡೆ 20 ಮಿ.ಮೀ. ಅಂಚು ಬಿಡಿ.

ಕಥೆಗಾರ್ತಿ:
24 ಪುಟದ ಫಾರಂ ಒಪ್ಪಿಗೆಯಾಯಿತು. ಆದರೆ ಆರು ಹಾಳೆ ಮಡಿಸಿದಾಗ ಒಳಹಾಳೆ ಎದುರಂಚಿನಲ್ಲಿ ಹೊರಚಾಚುತ್ತದೆ. ಕತ್ತರಿಸುವ ಯಂತ್ರ ನನ್ನಲ್ಲಿಲ್ಲ. ರಟ್ಟಿನ ಅಳತೆಯನ್ನೂ ತಿಳಿಸುತ್ತೀರಾ?

ರಟ್ಟುಗೋಲು:
ಹೊಲಿಯುವ ಮೊದಲೇ ಪ್ರತಿ ಫಾರಂನ ಎದುರಂಚನ್ನು ಉಕ್ಕಿನ ಪಟ್ಟಿ ಇಟ್ಟು, ಹೊಸ ಬ್ಲೇಡಿನಿಂದ 143 ಮಿ.ಮೀ.ಗೆ ಕತ್ತರಿಸಿ. ಒಂದೇ ಏಟಿಗೆ ಬೇಡ, ಹಗುರವಾಗಿ ನಾಲ್ಕೈದು ಸಲ ಎಳೆಯಿರಿ. ಒತ್ತಿದರೆ ಬ್ಲೇಡು ಓರೆಯಾಗಿ ಕೆಳಹಾಳೆ ಅಗಲವಾಗುತ್ತದೆ. ತಲೆ-ಬುಡ ಮುಟ್ಟಬೇಡಿ. ಎಂಡ್ ಪೇಪರನ್ನೂ ಅದೇ 143ಕ್ಕೆ ತನ್ನಿ.

ಆಗ 2 ಮಿ.ಮೀ. ರಟ್ಟಿನ ಎತ್ತರ 216, ಅಗಲ 139. ಬೆನ್ನಿನ ಪಟ್ಟಿ: ಹೊಲಿದು ಒತ್ತಿದ ಬೆನ್ನನ್ನು ಅಳೆದು ಅದಕ್ಕೆ 4 ಸೇರಿಸಿ. ಪಟ್ಟಿಗೂ ರಟ್ಟಿಗೂ ನಡುವೆ 7 ಮಿ.ಮೀ. ಸಂದು. ಬಟ್ಟೆ ನಾಲ್ಕೂ ಕಡೆ 18 ಮಿ.ಮೀ. ಹೆಚ್ಚಿರಲಿ. ಮೂಲೆಯನ್ನು 45 ಡಿಗ್ರಿಗೆ ಕತ್ತರಿಸುವಾಗ ರಟ್ಟಿನ ತುದಿಯಿಂದ 3 ಮಿ.ಮೀ. ದೂರ ಬಿಡಿ, ಹತ್ತಿರ ಹೋದರೆ ರಟ್ಟು ಇಣುಕುತ್ತದೆ.

ಪುಟಜೋಡಣೆ:
ಇನ್ನೊಂದು. 200 ಫಾರಂ ಕೈಯಲ್ಲಿ ಜೋಡಿಸುವಾಗ ಅದಲುಬದಲಾಗುವುದು ಸಾಮಾನ್ಯ. ಪ್ರತಿ ಫಾರಂನ ಹೊರಹಾಳೆಯಲ್ಲಿ, ಮಡಿಕೆಯ ಮೇಲೇ, 8 ಮಿ.ಮೀ.ನ ಕಪ್ಪು ಗೆರೆಯೊಂದನ್ನು ಅಚ್ಚು ಮಾಡಿ. ಮೊದಲನೆಯದಕ್ಕೆ 90 ಮಿ.ಮೀ.ನಲ್ಲಿ, ಎರಡನೆಯದಕ್ಕೆ 98, ಆಮೇಲೆ 106, 114. ಜೋಡಿಸಿದಾಗ ಬೆನ್ನ ಮೇಲೆ ಗೆರೆಗಳು ಮೆಟ್ಟಿಲಾಗಿ ಇಳಿಯುತ್ತವೆ. ಒಂದು ಬಿಟ್ಟುಹೋದರೆ ಖಾಲಿ, ಹಿಂದುಮುಂದಾದರೆ ಮೆಟ್ಟಿಲು ಕೆಡುತ್ತದೆ, ಹೊಲಿಯುವ ಮೊದಲೇ ಕಣ್ಣಿಗೆ ಬೀಳುತ್ತದೆ. ರಟ್ಟು ಕಟ್ಟಿದ ಮೇಲೆ ಗೆರೆ ಹೊರಗೆ ಕಾಣುವುದಿಲ್ಲ.